ಶುಕ್ರವಾರ ಕ್ಲಬ್ಬಿಗೆ ಹೋಗಲಾ ಅಂತ ಕೇಳಿದ್ದೀಯಲ್ಲ

ತಮ್ಮ, ಸಿಡ್ನಿಗೆ ಬಂದು ಮೂರು ವಾರ ಆಯ್ತು, ಆಫೀಸಿನವರು ಶುಕ್ರವಾರ ಆರ್‌ಎಸ್‌ಎಲ್ ಕ್ಲಬ್ಬಿಗೆ, ಅಂದರೆ ಮಾಜಿ ಸೈನಿಕರ ಸಂಘದ ಕ್ಲಬ್ಬಿಗೆ, ಕರೆಯುತ್ತಿದ್ದಾರೆ, ಅಲ್ಲಿ ಪೋಕೀಸ್ ಅನ್ನುವ ಜೂಜಿನ ಮಷಿನ್ ಇವೆಯಂತೆ, 20 ಡಾಲರ್ ಹಾಕಿ ನೋಡಿದರೆ ತಪ್ಪಾ ಅಂತ ಬರೆದಿದ್ದೀಯ. ಜೊತೆಗೆ ಮನೆ ಎಲ್ಲಿ, ಕುಕ್ಕರ್ ತರಿಸಲಾ ಅಂತಲೂ. ಮನೆ ವೆಂಟ್‌ವರ್ತ್‌ವಿಲ್ ಕಡೆ ನೋಡು. ಕುಕ್ಕರ್ ಇಲ್ಲೇ ಸಿಗುತ್ತದೆ, ಗ್ಯಾಸ್ಕೆಟ್ ಮಾತ್ರ ಎರಡು ತರಿಸಿಕೋ.

ಕ್ಲಬ್ಬಿಗೆ ಹೋಗು. ಊಟ ಚೆನ್ನಾಗಿರುತ್ತದೆ. ಸಂಜೆ ಆರಕ್ಕೆ ದೀಪ ಸಣ್ಣದು ಮಾಡಿ, ಯುದ್ಧದಲ್ಲಿ ಸತ್ತವರಿಗಾಗಿ ಎಲ್ಲರೂ ಎದ್ದು ನಿಲ್ಲುತ್ತಾರೆ. ನೀನೂ ನಿಲ್ಲು. ಮೊದಲ ಸಲ ನಾನು ಗೊತ್ತಾಗದೆ ಚಿಪ್ಸ್ ತಿನ್ನುತ್ತಾ ಕೂತಿದ್ದೆ. ಪಕ್ಕದ ಅಜ್ಜ ನೋಡಿದ ನೋಟ ಇನ್ನೂ ಮರೆತಿಲ್ಲ.

ಇನ್ನು ಮಷಿನ್. ಈ ರಾಜ್ಯದ ಕ್ಲಬ್ಬುಗಳಲ್ಲಿ 1956ರಿಂದ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ಪರ್ತ್ ಕಡೆ ಹೋದರೆ ಕ್ಯಾಸಿನೋ ಬಿಟ್ಟು ಬೇರೆಲ್ಲೂ ಇಲ್ಲ. ನೀನು ಬಟನ್ ಒತ್ತಿದ ಕ್ಷಣವೇ ಒಳಗಿನ ಚಿಪ್ ಒಂದು ಸಂಖ್ಯೆ ಆರಿಸಿಬಿಡುತ್ತದೆ, ಗೆಲುವು ಸೋಲು ಅಲ್ಲಿಗೇ ತೀರ್ಮಾನ. ಆಮೇಲೆ ಚಿತ್ರಗಳು ತಿರುಗುವುದೆಲ್ಲ ಬರೀ ತೋರಿಕೆ. 'ಒಂದೇ ಒಂದು ಚಿತ್ರದಲ್ಲಿ ತಪ್ಪಿತು', 'ಬೆಳಗ್ಗಿಂದ ಕೊಟ್ಟಿಲ್ಲ, ಈಗ ಕೊಡುತ್ತದೆ' ಅನ್ನುವುದೆಲ್ಲ ಸುಳ್ಳು. ಅದಕ್ಕೆ ಹಿಂದಿನ ಆಟದ ನೆನಪೇ ಇಲ್ಲ. 1 ಡಾಲರ್ ಆಡಿ 30 ಸೆಂಟ್ ಬಂದರೂ ಗೆದ್ದವರಿಗೆ ಬಾರಿಸುವ ಹಾಗೆ ಸಂಗೀತ ಬಾರಿಸುತ್ತದೆ. ಹೋದ 70 ಸೆಂಟಿಗೆ ಸದ್ದೇ ಇಲ್ಲ.

ಆಡಿದ ದುಡ್ಡಿನಲ್ಲಿ ಕನಿಷ್ಠ ಶೇ. 85 ವಾಪಸ್ ಕೊಡಬೇಕು ಅಂತ ಇಲ್ಲಿ ನಿಯಮವಿದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದು ಲಕ್ಷಾಂತರ ಆಟಗಳ ಸರಾಸರಿ, ನಿನ್ನ ಒಂದು ಸಂಜೆಯದ್ದಲ್ಲ. ಶೇ. 88 ಕೊಡುವ ಮಷಿನ್ನೇ ಅಂದುಕೋ. ಸಲಕ್ಕೆ 1 ಡಾಲರಿನಂತೆ ನಿಮಿಷಕ್ಕೆ 10 ಸಲ ಒತ್ತಿದರೆ ಗಂಟೆಗೆ 600 ಡಾಲರಿನ ಆಟ. ಸರಾಸರಿ 72 ಡಾಲರ್ ಹೋಯ್ತು. ಸಲಕ್ಕೆ 10 ಡಾಲರ್ ತನಕ ಆಡಬಹುದು, ನೀನೇ ಗುಣಿಸಿಕೋ.

ನಾನು ಬಂದ ವರ್ಷ ತಿಪಟೂರಿನ ಹುಡುಗ ಒಬ್ಬ ನನ್ನ ರೂಮಿನಲ್ಲಿದ್ದ. ಮೆಂಬರ್ ನಾನು. ಅವನನ್ನು ಗೆಸ್ಟ್ ಅಂತ ಕೌಂಟರಿನಲ್ಲಿ ಸೈನ್ ಮಾಡಿ ಒಳಗೆ ಕರೆದುಕೊಂಡು ಹೋದವನೂ ನಾನೇ. ಮೊದಲ ದಿನವೇ 340 ಡಾಲರ್ ಗೆದ್ದ. ಎಲ್ಲರಿಗೂ ಬಿರಿಯಾನಿ ಕೊಡಿಸಿದ. ಅವತ್ತೇ ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಆಮೇಲೆ ನಾನಿಲ್ಲದೆಯೂ ಹೋಗತೊಡಗಿದ. ಅಪ್ಪ ಕೊಬ್ಬರಿ ಮಾರಿ ಕಳಿಸಿದ್ದ ಫೀಸಿನ ದುಡ್ಡು ಒಂದೇ ಸೆಮಿಸ್ಟರಿನಲ್ಲಿ ಖಾಲಿ. ಒಂದು ರಾತ್ರಿ ಅವರ ಅಪ್ಪ ನನಗೇ ಫೋನ್ ಮಾಡಿದರು. "ಫೀಸು ಕಟ್ಟಿದ್ನೇನಪ್ಪಾ?" ಅವನು ಎದುರಿಗೇ ಕೂತು ಕೈ ಮುಗಿಯುತ್ತಿದ್ದ. "ಕಟ್ಟಿದ್ದಾನೆ ಅಂಕಲ್" ಅಂದುಬಿಟ್ಟೆ. ನಿಜ ಹೇಳಿದ್ದರೆ ಅವರು ಮುಂದಿನ ಕಂತು ಕಳಿಸುತ್ತಿರಲಿಲ್ಲ. ಕಳಿಸಿದರು. ಅದೂ ಹೋಯ್ತು. ಹುಡುಗ ಓದು ಬಿಟ್ಟು ವಾಪಸ್ ಹೋದ. ಈಗ ಊರಿಗೆ ಹೋಗುವಾಗ ರೈಲು ತಿಪಟೂರಿನಲ್ಲಿ ನಿಂತರೆ ನಾನು ಕಾಫಿಗೂ ಕೆಳಗೆ ಇಳಿಯುವುದಿಲ್ಲ.

ಆಡಲೇಬೇಕು ಅನ್ನಿಸಿದರೆ 20 ಡಾಲರ್ ನೋಟು ಒಂದೇ ತೆಗೆದುಕೊಂಡು ಹೋಗು, ಕಾರ್ಡ್ ಮನೆಯಲ್ಲಿರಲಿ. ಅದು ಸಿನಿಮಾ ಟಿಕೆಟ್ ಇದ್ದ ಹಾಗೆ, ವಾಪಸ್ ಬರುತ್ತದೆ ಅಂತ ಕಾಯಬೇಡ. ಕಳೆದದ್ದನ್ನು ತೆಗೆಯೋಣ ಅಂತ ಎರಡನೇ ನೋಟಿಗೆ ಕೈ ಹೋದರೆ ಎದ್ದು ಹೊರಗೆ ಬಾ. ನನ್ನನ್ನು ಒಳಗೆ ಬಿಡಬೇಡಿ ಅಂತ ಕ್ಲಬ್ಬಿಗೇ ಬರೆದುಕೊಡುವ ಏರ್ಪಾಡೂ ಇದೆ. 1800 858 858ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ನಮಗೆ ಆಗ ಇದೊಂದೂ ಗೊತ್ತಿರಲಿಲ್ಲ.

ಶುಕ್ರವಾರ ಒಂಬತ್ತಕ್ಕೆ ಕ್ಲಬ್ ಬಾಗಿಲಲ್ಲಿ ನಿಂತಿರು, ಕಾರ್ ತರುತ್ತೇನೆ. ಅತ್ತಿಗೆ ಚಿತ್ರಾನ್ನ ಮಾಡಿರುತ್ತಾಳೆ, ಅಲ್ಲಿ ಜಾಸ್ತಿ ತಿನ್ನಬೇಡ.