ರೂಮು ದೊಡ್ಡದಾದರೆ ಆಪರೇಷನ್ನೂ ದುಬಾರಿಯಾ?

ಪ್ರಶ್ನೆ: ಅಮ್ಮನಿಗೆ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. 3 ಲಕ್ಷದ ಆರೋಗ್ಯ ವಿಮೆ ಪಾಲಿಸಿ, ರೂಮಿಗೆ ದಿನಕ್ಕೆ 3,000 ಮಿತಿ. ನಾವು 5,000ದ ರೂಮು ಹಿಡಿದೆವು, ಮೂರು ದಿನ. ಹೆಚ್ಚಾಗಿದ್ದು 6,000 ತಾನೇ? ಆದರೆ 1,10,000ದ ಬಿಲ್ಲಿಗೆ ಕಂಪನಿ ಕೊಟ್ಟಿದ್ದು 78,000. ಪಕ್ಕದ ಮನೆಯವರು ಬಿಪಿಎಲ್ ಕಾರ್ಡಿನಲ್ಲಿ ಇದೇ ಆಪರೇಷನ್ ದುಡ್ಡಿಲ್ಲದೆ ಮಾಡಿಸಿಕೊಂಡು ಬಂದರು. ಇದ್ಯಾವ ನ್ಯಾಯ ಸಾರ್?
– ಓದುಗರು, ಸಕಲೇಶಪುರ

ಉತ್ತರ: ಬಿಲ್ಲಿಂಗ್ ಕೌಂಟರಿನಲ್ಲೇ ತಲೆ ನೆರೆಸಿಕೊಂಡವನು ನಾನು. ಅಲ್ಲಿ ರೋಗಿಯ ಹೆಸರಿಗಿಂತ ಮೊದಲು ಕೇಳುವುದು, ‘ಇನ್ಶೂರೆನ್ಸಾ, ಕ್ಯಾಶಾ?’ ಅಂತ. ನಿಮ್ಮನ್ನೂ ಕೇಳಿರುತ್ತಾರೆ.

ನಿಮ್ಮ ಬಿಲ್ಲು ನೋಡಿದೆ. ರೂಮು 15,000. ಔಷಧಿ, ಟೆಸ್ಟು 30,000. ಡಾಕ್ಟರ್, ಥಿಯೇಟರ್, ಅರಿವಳಿಕೆ, ನರ್ಸಿಂಗ್ ಸೇರಿ 65,000. ಎಷ್ಟೋ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಡಾಕ್ಟರ್ ಫೀಸೂ ಏರುತ್ತದೆ. ಹೊಟ್ಟೆ ಅದೇ, ಡಾಕ್ಟರೂ ಅವರೇ! ಕಂಪನಿ ಇದನ್ನೇ ಹಿಡಿದುಕೊಳ್ಳುತ್ತದೆ. 5,000ದ ಜಾಗದಲ್ಲಿ 3,000 ಅಂದರೆ ಶೇ. 60 ಅಲ್ವಾ? ಹಾಗಾಗಿ ಆ 65,000ಕ್ಕೂ ಶೇ. 60 ಮಾತ್ರ. ಅಲ್ಲೇ 26,000 ಹೋಯಿತು. ರೂಮಿನ 6,000 ಸೇರಿಸಿದರೆ ನಿಮ್ಮ 32,000. ಔಷಧಿಗೂ ಟೆಸ್ಟಿಗೂ ಹೀಗೆ ಕತ್ತರಿ ಹಾಕುವಂತಿಲ್ಲ, ಹಾಕಿಯೂ ಇಲ್ಲ.

ಆದರೆ ಒಂದು ದಾರಿ ಇದೆ. ಆ ಆಸ್ಪತ್ರೆಯಲ್ಲಿ ಎಲ್ಲ ರೂಮಿಗೂ ಡಾಕ್ಟರ್ ಫೀಸು ಒಂದೇ ಆಗಿದ್ದರೆ ಕಂಪನಿ ಹೀಗೆ ಕಡಿತ ಮಾಡುವಂತಿಲ್ಲ. ಇದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ಆಸ್ಪತ್ರೆಯಿಂದ ದರಪಟ್ಟಿ ಕೇಳಿ. ಫೀಸು ಒಂದೇ ಇದ್ದರೆ ಹಾಗೆಂದು ಪತ್ರ ಬರೆಸಿಕೊಂಡು ಕಂಪನಿಯ ದೂರು ವಿಭಾಗಕ್ಕೆ ಕಳಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಫೀಸಿಲ್ಲ, ವಕೀಲರೂ ಬೇಡ.

ಇನ್ನು ಪಕ್ಕದ ಮನೆಯವರ ವಿಷಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಅನ್ನುವ ಸರಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಇದೆ. ಅಲ್ಲಿ ಬಿಲ್ಲು ಸಾಲುಸಾಲಾಗಿ ಬೆಳೆಯುವುದಿಲ್ಲ. ಈ ಆಪರೇಷನ್ನಿಗೆ ಇಷ್ಟು ಅಂತ ಪ್ಯಾಕೇಜ್. ನಿಮ್ಮ ಅಮ್ಮನಿಗೆ ಇನ್ನೊಂದು ಸ್ಕ್ಯಾನ್ ಬರೆದರೆ ಆಸ್ಪತ್ರೆಗೆ ಆದಾಯ. ಪಕ್ಕದ ಮನೆಯವರಿಗೆ ಬರೆದರೆ ಆಸ್ಪತ್ರೆಗೇ ಖರ್ಚು. ಹಾಗಂತ ಪ್ಯಾಕೇಜೇ ಚೆನ್ನ ಅಂತ ನಾನು ಹೇಳುವುದಿಲ್ಲ. ಒಂದು ದಿನ ಮೊದಲೇ ಡಿಸ್ಚಾರ್ಜ್ ಮಾಡುವ ಆಸೆ ಅದರಲ್ಲಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎರಡೂ ಇರುವ ಮುದುಕರನ್ನು ಕಂಡರೆ, ಖರ್ಚು ಪ್ಯಾಕೇಜ್ ಮೀರುತ್ತದೆಂದು, ‘ಬೆಂಗಳೂರಿಗೆ ಕರ್ಕೊಂಡು ಹೋಗಿ’ ಅನ್ನುವ ಚಾಳಿಯೂ ಇದೆ. ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಬಿಟ್ಟು, ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು.

ಅಂದ ಹಾಗೆ, ಎಪಿಎಲ್‌ನವರಿಗೂ ಅದೇ ಯೋಜನೆಯಲ್ಲಿ ಪ್ಯಾಕೇಜ್ ದರದ ಶೇ. 30 ಸಿಗುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಎಷ್ಟೋ ಜನ ವಿಚಾರಿಸುವುದೇ ಇಲ್ಲ.

ಪ್ರಶ್ನೆ: ತಂದೆಗೆ 64. ಶೇ. 20 ಕೋ-ಪೇ ಇರುವ ಪಾಲಿಸಿಯ ಕಂತು ಕಡಿಮೆ ಇದೆ. ಮಾಡಿಸಬಹುದಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಕೋ-ಪೇ ಅಂದರೆ ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲು. 3 ಲಕ್ಷದ ಬಿಲ್ಲಾದರೆ 60,000 ನಿಮ್ಮದು. ಅಷ್ಟು ಬ್ಯಾಂಕಿನಲ್ಲಿ ಇಡಬಲ್ಲಿರಾದರೆ ಮಾಡಿಸಿ. ಸ್ವಂತ ದುಡ್ಡೂ ಹೋಗುತ್ತದೆ ಅಂದಾಗ ಜನ ಸುಮ್ನೆ ಆಸ್ಪತ್ರೆಗೆ ಹೋಗುವುದಿಲ್ಲ ಅನ್ನುವುದು ಇದರ ಹಿಂದಿನ ಲೆಕ್ಕ. ಅಮೆರಿಕದ ರ‍್ಯಾಂಡ್ ಸಂಸ್ಥೆ 1970ರ ದಶಕದಲ್ಲಿ ಇದನ್ನು ಸಾವಿರಾರು ಕುಟುಂಬಗಳ ಮೇಲೆ ಪರೀಕ್ಷಿಸಿತ್ತು. ಪಾಲು ಕೊಡಬೇಕಾದವರು ಆಸ್ಪತ್ರೆಗೆ ಹೋಗುವುದು ಕಡಿಮೆಯಾಯಿತು, ನಿಜ. ಆದರೆ ಅವರು ಬೇಡದ ಚಿಕಿತ್ಸೆಯ ಜೊತೆ ಬೇಕಾದ್ದನ್ನೂ ಬಿಟ್ಟರು. ಬಿಪಿ ಇದ್ದ ಬಡವರಲ್ಲಿ, ಪೂರ್ತಿ ಉಚಿತ ಸಿಕ್ಕವರ ಬಿಪಿಯೇ ಹೆಚ್ಚು ಹತೋಟಿಗೆ ಬಂತು.

ತಂದೆಗೆ ಬಿಪಿ, ಸಕ್ಕರೆ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಂಪನಿ ಈಗ 3 ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ರೂಮಿನ ಮಿತಿಯೂ ಕೋ-ಪೇಯೂ ಒಟ್ಟಿಗೆ ಇರುವ ಪಾಲಿಸಿ ಮಾತ್ರ ಬೇಡ.