ಖಾಸಗಿ ಜಮೀನಿನಲ್ಲಿರುವ ಹಳೆಯ ಸ್ಮಾರಕವನ್ನು ಸರ್ಕಾರ ವಶಕ್ಕೆ ಪಡೆಯುವುದು ಹೇಗೆ?

ಸಂರಕ್ಷಿತ ಎಂದು ಘೋಷಿಸಿದ ಮಾತ್ರಕ್ಕೆ ಜಮೀನು ಸರ್ಕಾರದ್ದಾಗುವುದಿಲ್ಲ. ಇವು ಎರಡು ಬೇರೆ ಹೆಜ್ಜೆಗಳು. ಪ್ರಾಚೀನ ಸ್ಮಾರಕಗಳ ಕುರಿತ ಕೇಂದ್ರದ 1958ರ ಕಾಯ್ದೆಯಂತೆ ಸ್ಮಾರಕಕ್ಕೆ ಕನಿಷ್ಠ 100 ವರ್ಷವಾಗಿರಬೇಕು, ರಾಷ್ಟ್ರೀಯ ಮಹತ್ವವಿರಬೇಕು. ಮೊದಲು ಗೆಜೆಟ್‌ನಲ್ಲಿ ಪ್ರಾಥಮಿಕ ಅಧಿಸೂಚನೆ. ಅದರ ಪ್ರತಿಯನ್ನು ಸ್ಮಾರಕದ ಬಳಿ ಎದ್ದು ಕಾಣುವಂತೆ ಅಂಟಿಸಬೇಕು. ಆಕ್ಷೇಪಣೆಗೆ 2 ತಿಂಗಳು. ಅವನ್ನು ಪರಿಶೀಲಿಸಿದ ಮೇಲೆ ಅಂತಿಮ ಘೋಷಣೆ.

ಹೀಗೆ ಸಂರಕ್ಷಿತವಾದದ್ದು ಹಾಳಾಗುವ ಅಥವಾ ದುರ್ಬಳಕೆಯಾಗುವ ಭೀತಿಯಿದ್ದರೆ 13ನೇ ಸೆಕ್ಷನ್ ಪ್ರಕಾರ ಭೂಸ್ವಾಧೀನ ಮಾಡಬಹುದು, ಮಾಲೀಕರಿಗೆ ಪರಿಹಾರ ಕೊಟ್ಟು. ರಾಜ್ಯ ಮಟ್ಟದ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯ್ದೆಯಿದೆ.

ಸ್ಮಾರಕವನ್ನು ಸಂರಕ್ಷಿಸಿ ಎಂದು ಕೋರುವಾಗ ದಯವಿಟ್ಟು ಅರ್ಜಿಯಲ್ಲಿ ಬರೀ ‘ಊರಾಚೆಯ ಹಾಳು ಗುಡಿ’ ಎಂದು ಬರೆಯಬೇಡಿ. ಗಡಿಯೇ ಸ್ಪಷ್ಟವಿಲ್ಲದಿದ್ದರೆ ಯಾವ ಜಾಗವನ್ನು ಅಧಿಸೂಚಿಸುವುದು? ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ), ಪಹಣಿ, ಶಾಸನವಿದ್ದರೆ ಅಕ್ಷರ ಓದುವಷ್ಟು ಹತ್ತಿರದ ಫೋಟೊ ಲಗತ್ತಿಸಿ.