ಪ್ರತಿ: ತಾರ ಷಡ್ಜದಲ್ಲಿ ಗಂಟಲು ಬಿಗಿಯುತ್ತದೆ, ಏನು ಮಾಡಲಿ?

ಐದೂವರೆ ಮನೆ ಶ್ರುತಿಯಲ್ಲಿ (ಹಾಡಿಗೆ ಆಧಾರವಾಗಿ ಇಟ್ಟುಕೊಳ್ಳುವ ‘ಸ’ದ ಎತ್ತರ) ಸರಳೆ ವರಸೆ (ಕರ್ನಾಟಕ ಸಂಗೀತದ ಮೊದಲ ಸ್ವರಾಭ್ಯಾಸ) ಹಾಡುವಾಗ ತಾರ ಷಡ್ಜದ (ಮೇಲಿನ ‘ಸ’) ಹತ್ತಿರ ಗಂಟಲು ಬಿಗಿದು ಸ್ವರ ಇಳಿಯುತ್ತದೆ ಅಂದಿದ್ದೀರಿ. ಮೊದಲು ಶ್ರುತಿಯನ್ನೇ ಅನುಮಾನಿಸಿ. ಮಂದ್ರ ಪಂಚಮ (ಕೆಳಗಿನ ‘ಪ’) ಸ್ಪಷ್ಟವಾಗಿ ಕೇಳಬೇಕು, ತಾರ ಗಾಂಧಾರ (ಮೇಲಿನ ‘ಗ’) ಕೂಗದೆ ಬರಬೇಕು. ಮೇಲೆ ಕಷ್ಟವಾದರೆ ಐದಕ್ಕೋ ನಾಲ್ಕೂವರೆಗೋ ಇಳಿಸಿ, ಅದರಲ್ಲಿ ಅವಮಾನವೇನಿಲ್ಲ.

ಆಮೇಲೂ ಬಿಗಿತ ಉಳಿದರೆ ಬಹುಶಃ ಉಸಿರಿನದೇ ತೊಂದರೆ. ಮೇಲಿನ ಸ್ವರ ಬರುತ್ತಿದೆ ಅಂತ ಎದೆ ತುಂಬ ಗಾಳಿ ಎಳೆದುಕೊಂಡರೆ ಆ ಒತ್ತಡ ತಡೆಯಲು ಗಂಟಲು ಹಿಡಿದುಕೊಳ್ಳುತ್ತದೆ. ಗದ್ದವೂ ಮೇಲೇಳುತ್ತದೆ, ಕನ್ನಡಿ ಮುಂದೆ ಕೂತು ನೋಡಿ. ಜ್ಯೂಸ್ ಕುಡಿಯುವ ಸ್ಟ್ರಾವನ್ನು ತುಟಿಗಳ ನಡುವೆ ಹಿಡಿದು, ಮೂಗಿನಿಂದ ಗಾಳಿ ಸೋರದಂತೆ ‘ಊ’ ಎನ್ನುತ್ತಾ ಪಂಚಮದಿಂದ ತಾರ ಷಡ್ಜಕ್ಕೆ ಜಾರಿ ಹೋಗಿ, ಹಾಗೇ ಇಳಿಯಿರಿ. 10 ಸಲ ಸಾಕು. ಬಳಿಕ ಅದೇ ಜಾಗವನ್ನು ಅಕಾರದಲ್ಲಿ (‘ಆ’ ಎನ್ನುತ್ತಾ), ಮೊದಲ ಕಾಲದಲ್ಲಿ (ನಿಧಾನ ವೇಗ) ಹಾಡಿ. ಎರಡನೇ ಕಾಲಕ್ಕೆ ಅವಸರ ಬೇಡ, ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತದೆ.

ತಂಬೂರಿ ಆ್ಯಪ್ ಹಾಕಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಟ್ಯೂನರ್ (ಸ್ವರ ಸರಿಯಿದೆಯೇ ಎಂದು ತೋರಿಸುವ ಸಾಧನ) ಮುಳ್ಳನ್ನು ನೀಳವಾಗಿ ನಿಲ್ಲಿಸಿದ ಸ್ವರಕ್ಕೆ ಮಾತ್ರ ನಂಬಿ. ಗಮಕ (ಸ್ವರವನ್ನು ಅಲುಗಿಸಿ ಹಾಡುವುದು) ಬಂದರೆ ಮುಳ್ಳು ಸುಮ್ಮನೆ ಕುಣಿಯುತ್ತದೆ. ಹಾಡಿದ ಮೇಲೆ ಗಂಟಲು ಉರಿದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ. ಮೂರು ವಾರವಾದರೂ ಧ್ವನಿ ಒಡೆದಂತೆಯೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.